ಹಿಟ್ಟಿಗೆ ಹಾಕಿದ ಉಪ್ಪು

ಉಪ್ಪು ಹಾಕುವುದರಲ್ಲಿ ಎರಡು ಬಗೆ ಉಂಟೆಂದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಒಂದು, ಎಲೆಯ ತುದಿಗೆ ಬಡಿಸುವ ಉಪ್ಪು. ಬೇಕಾದವರು ಬೇಕಾದಷ್ಟು ಬೆರೆಸಿಕೊಳ್ಳುತ್ತಾರೆ, ಬೇಡದವರು ಹಾಗೇ ಬಿಟ್ಟು ಏಳುತ್ತಾರೆ. ಇನ್ನೊಂದು, ಚಕ್ಕುಲಿಯ ಹಿಟ್ಟು ಕಲಸುವಾಗಲೇ ಹಾಕುವ ಉಪ್ಪು. ಅದು ಹಾಗಲ್ಲ. ಒತ್ತಿ, ಕರಿದು, ಡಬ್ಬಿಗೆ ತುಂಬಿದ ಮೇಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಆ ಚಕ್ಕುಲಿಯ ಹಣೆಬರಹ ಅಷ್ಟೇ. ಬದಲಾಯಿಸಬೇಕಾದರೆ ಮುಂದಿನ ಸಲ ಹೊಸದಾಗಿ ಹಿಟ್ಟು ಕಲಸಬೇಕು.

ಕಂಪ್ಯೂಟರಿನ ತಂತ್ರಾಂಶಗಳಲ್ಲೂ ಈ ಎರಡು ಬಗೆಯ ಉಪ್ಪು ಉಂಟು. ಪರದೆಯ ಮೇಲೆ ಅಕ್ಷರ ದೊಡ್ಡದು ಬೇಕೆ, ಚಿಕ್ಕದು ಬೇಕೆ, ಸದ್ದು ಜೋರಾಗಿರಲೆ, ಮೆಲ್ಲಗಿರಲೆ ಎಂದು ನೀವು ನಿಮ್ಮ ಮೊಬೈಲಿನಲ್ಲಿ ಆರಿಸಿಕೊಳ್ಳುತ್ತೀರಲ್ಲ, ಅದು ಎಲೆಯ ತುದಿಯ ಉಪ್ಪು. ಆದರೆ ತಂತ್ರಾಂಶ ನಿಮ್ಮ ಕೈಗೆ ಬರುವ ಮೊದಲು, ಅದನ್ನು ಬರೆದವರು ಇಟ್ಟ ಸಾವಿರಾರು ಸಾಲುಗಳನ್ನು ಕಂಪೈಲರ್ ಎಂಬ ಗ್ರೈಂಡರಿಗೆ ಹಾಕಿ ಅರೆದು, ಯಂತ್ರಕ್ಕೆ ಜೀರ್ಣವಾಗುವ ರೂಪಕ್ಕೆ ತರುತ್ತಾರೆ. ಇದಕ್ಕೆ ಬಿಲ್ಡ್ ಮಾಡುವುದು, ಕಟ್ಟುವುದು ಎನ್ನುತ್ತಾರೆ. ಕಟ್ಟುವ ಮುನ್ನ ಒಂದು ಪಟ್ಟಿ ನೋಡಿ ಕೆಲವನ್ನು ನಿರ್ಧರಿಸಬೇಕು: ಇದು ಸೇರಲಿ, ಅದು ಬೇಡ. ಅದು ಹಿಟ್ಟಿನ ಉಪ್ಪು. ಆ ಪಟ್ಟಿಯ ಒಂದೊಂದು ಸಾಲಿಗೂ ಆಪ್ಶನ್, ಅಂದರೆ ಆಯ್ಕೆ ಎಂದು ಹೆಸರು.

ಇಂಥ ಒಂದು ಆಯ್ಕೆಯನ್ನು ಪಟ್ಟಿಯಿಂದ ತೆಗೆದುಹಾಕಿದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಹೊಸದಾಗಿ ಏನನ್ನಾದರೂ ಮಾಡಿದ ಕಥೆಯಾಗಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ಸ್ವೆಟರ್ ಹೆಣೆದರೆ ತೋರಿಸಬಹುದು, ಮನೆ ಕಟ್ಟಿಸಿದರೆ ಗೃಹಪ್ರವೇಶಕ್ಕೆ ಕರೆಯಬಹುದು. ತೆಗೆದುಹಾಕಿದ್ದನ್ನು ಯಾರಿಗೆ ತೋರಿಸುವುದು? ನಮ್ಮ ಬೀದಿಯ ಗೆಳತಿಯರು, 'ರಾತ್ರಿ ಹನ್ನೊಂದರವರೆಗೂ ನಿಮ್ಮ ಕೋಣೆಯಲ್ಲಿ ದೀಪ ಉರೀತಿರತ್ತಲ್ಲ, ಏನು ಮಾಡ್ತೀರಿ?' ಎಂದು ಕೇಳಿದಾಗ, 'ಕಸ ಗುಡಿಸ್ತೀನಿ' ಎಂದೆ. ನಕ್ಕರು. ನಾನು ಸುಳ್ಳು ಹೇಳಿರಲಿಲ್ಲ.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿ ಹದಿನಾರು ವರ್ಷ ತಂತ್ರಾಂಶ ಬರೆಯುವ ಕೆಲಸ ಮಾಡಿ, ಅತ್ತೆಯವರ ಆರೋಗ್ಯದ ಕಾರಣಕ್ಕೆ 2009ರಲ್ಲಿ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಬಂದವಳು. ಕೈ ಸುಮ್ಮನಿರಬೇಕಲ್ಲ? ಕೆಲವು ವರ್ಷಗಳಿಂದ ಒಂದು ಚಿಕ್ಕ ಎಮ್ಯುಲೇಟರಿಗೆ ಬಿಡುವಿನಲ್ಲಿ ಕೆಲಸ ಮಾಡಿಕೊಡುತ್ತೇನೆ. ಸಂಬಳವಿಲ್ಲ. ಬೇರೆ ಬೇರೆ ದೇಶಗಳ ಆರೇಳು ಮಂದಿ ಸೇರಿ ನಡೆಸುವ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ತಂತ್ರಾಂಶ ಅದು.

ಎಮ್ಯುಲೇಟರ್ ಎಂದರೆ ವೇಷಧಾರಿ. ಯಕ್ಷಗಾನದಲ್ಲಿ ಸ್ತ್ರೀವೇಷದ ಕಲಾವಿದ ರಂಗಕ್ಕೆ ಬಂದರೆ ನಡೆ, ನೋಟ, ನಾಚಿಕೆ ಎಲ್ಲವೂ ಹೆಣ್ಣಿನದೇ. ಹಾಗೆಯೇ ಇಂದಿನ ಕಂಪ್ಯೂಟರ್ ಹಳೆಯ ಕಂಪ್ಯೂಟರೊಂದರ ವೇಷ ಹಾಕಿಕೊಂಡು, ಆ ಹಳೆಯದು ಒಂದು ಆಜ್ಞೆಗೆ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ನಡೆದುಕೊಳ್ಳುತ್ತದೆ. ಆಗ ಆ ಕಾಲದ ಆಟ, ಪಾಠ, ಲೆಕ್ಕಪತ್ರಗಳೆಲ್ಲ ತಮ್ಮ ಹಳೆಯ ಮನೆಯಲ್ಲೇ ಇದ್ದೇವೆಂದು ನಂಬಿ ಓಡುತ್ತವೆ. ಇದೇನೂ ನಿನ್ನೆ ಮೊನ್ನೆಯ ಉಪಾಯವಲ್ಲ. 1964ರಲ್ಲಿ ಐಬಿಎಂ ಕಂಪನಿ ಸಿಸ್ಟಮ್ 360 ಎಂಬ ಹೊಸ ಯಂತ್ರಗಳ ಸಾಲನ್ನು ಪ್ರಕಟಿಸಿದಾಗ, ಅದರ ಕೆಲವು ಮಾದರಿಗಳು ಹಳೆಯ 1401 ಯಂತ್ರದ ವೇಷ ಹಾಕಬಲ್ಲವಾಗಿದ್ದವು. ಇಲ್ಲದಿದ್ದರೆ ಗಿರಾಕಿಗಳು ಹೊಸ ಯಂತ್ರ ಕೊಂಡು ಹಳೆಯ ಲೆಕ್ಕಗಳನ್ನೆಲ್ಲ ಮೊದಲಿನಿಂದ ಬರೆಸಬೇಕಾಗುತ್ತಿತ್ತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ಆರಂಭಿಸಿದ ಮೇಮ್ ಎಂಬ ಎಮ್ಯುಲೇಟರ್, ನಾಣ್ಯ ಹಾಕಿ ಆಡುತ್ತಿದ್ದ ಆಟದ ಪೆಟ್ಟಿಗೆಗಳನ್ನು ಇಂದಿಗೂ ಉಸಿರಾಡಿಸುತ್ತಿದೆ.

ನಮ್ಮದು ಹಾಕುವ ವೇಷ ಬಿಬಿಸಿ ಮೈಕ್ರೋ ಎಂಬ ಯಂತ್ರದ್ದು. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ ತಯಾರಿಸಿದ್ದು. 1984ರಲ್ಲಿ ನಮ್ಮ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ದೇಶದ ಕೆಲವು ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತಲ್ಲ, ಆಗ ಬಂದದ್ದು ಇದೇ ಯಂತ್ರ. ನಾನು ಮೊದಲು ಕೈಯಿಟ್ಟ ಕೀಲಿಮಣೆಯೂ ಅದರದೇ. 32 ಕಿಲೋಬೈಟ್ ನೆನಪು, 8 ಬಣ್ಣ. ಇಂದಿನ ಮೊಬೈಲಿನ ಒಂದು ಫೋಟೋ ಅದರೊಳಗೆ ಹಿಡಿಸುವುದಿಲ್ಲ. ಆದರೂ ನಾವು ಹತ್ತು ಹುಡುಗಿಯರು ಅದರ ಮುಂದೆ ಸಾಲಾಗಿ ನಿಂತು ನಮ್ಮ ಸರದಿಗೆ ಕಾಯುತ್ತಿದ್ದೆವು.

ಇರಲಿ, ಆಯ್ಕೆಯ ಮಾತಿಗೆ ಬರೋಣ. ಪಟ್ಟಿಗೆ ಸೇರುವಾಗ ಯಾವ ಆಯ್ಕೆಯೂ ದಂಡವೆನಿಸಿಕೊಂಡು ಸೇರುವುದಿಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ನಿಜವಾದ ಕಷ್ಟ ಇರುತ್ತದೆ. ಇದಕ್ಕೆ ಎಲ್ಲರಿಗೂ ತಿಳಿದ ಕ್ಯೂಎಮು ಎಂಬ ದೊಡ್ಡ ಎಮ್ಯುಲೇಟರಿನ ನಿದರ್ಶನ ಕೊಡುತ್ತೇನೆ. ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ ಅದನ್ನು 2003ರಲ್ಲಿ ಹೊರತಂದರು. ವೇಷ ಹಾಕುವ ಯಂತ್ರ ನಿಧಾನವಾಗಬಾರದೆಂದು ಅವರು ಒಂದು ಜಾಣ ಉಪಾಯ ಹೂಡಿದ್ದರು. ಕೆಲಸದ ಚಿಕ್ಕ ಚಿಕ್ಕ ತುಣುಕುಗಳನ್ನು ಸಿ ಭಾಷೆಯಲ್ಲಿ ಬರೆದು, ಜಿಸಿಸಿ ಎಂಬ ಕಂಪೈಲರಿನಲ್ಲಿ ಅರೆಸಿ, ಬಂದ ಯಂತ್ರಸಂಕೇತದ ತುಂಡುಗಳನ್ನು ಕತ್ತರಿಸಿ ಒಂದರ ಪಕ್ಕ ಒಂದು ಜೋಡಿಸುವುದು. ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತೇವಲ್ಲ, ಅಚ್ಚು ಹಾಗೆಯೇ. ಅದಕ್ಕೊಂದು ಕಟ್ಟಳೆ ಇತ್ತು: ಪ್ರತಿ ತುಂಡಿನ ಅಂಚೂ ನೆಟ್ಟಗೆ ಕೊನೆಯಲ್ಲೇ ಇರಬೇಕು. ಜಿಸಿಸಿಯ ಮೂರನೆಯ ಆವೃತ್ತಿ ಹಾಗೆ ಕತ್ತರಿಸಿ ಕೊಡುತ್ತಿತ್ತು. 2005ರಲ್ಲಿ ನಾಲ್ಕನೆಯ ಆವೃತ್ತಿ ಬಂತು. ಅದು ಇನ್ನೂ ಜಾಣ. ವೇಗಕ್ಕಾಗಿ ಸಾಲುಗಳನ್ನು ಹಿಂದೆ ಮುಂದೆ ಮಾಡುತ್ತಿತ್ತು. ಅಂಚು ನಡುವೆ ಬಂದು ಕೂತರೆ ಕೌದಿ ಹೊಲಿಯುವುದು ಹೇಗೆ?

ಆದ್ದರಿಂದ ಕಟ್ಟುವ ಮೊದಲು ಕ್ಯೂಎಮು ಒಂದು ತಪಾಸಣೆ ನಡೆಸುತ್ತಿತ್ತು. ನಿಮ್ಮ ಜಿಸಿಸಿ ನಾಲ್ಕನೆಯದು, ತೊಂದರೆಯಾದೀತು, ಮೂರನೆಯದನ್ನು ತನ್ನಿ ಎಂದು ಬಾಗಿಲಲ್ಲೇ ತಡೆಯುತ್ತಿತ್ತು. ಆದರೂ ಪರವಾಗಿಲ್ಲ, ನನ್ನ ಜವಾಬ್ದಾರಿಯ ಮೇಲೆ ಬಿಡು ಎನ್ನುವವರಿಗೆ ಒಂದು ಆಯ್ಕೆ ಇಟ್ಟಿದ್ದರು: 'ಡಿಸೇಬಲ್ ಜಿಸಿಸಿ ಚೆಕ್'. ತಪಾಸಣೆ ಬೇಡ ಎಂದು ಹೇಳುವ ಆಯ್ಕೆ. ಮುಂದೆ ಬೆಲ್ಲಾರ್ ಅವರೇ ತುಂಡು ಜೋಡಿಸುವುದನ್ನು ಬಿಟ್ಟು, ನೂಲಿನಿಂದಲೇ ಬಟ್ಟೆ ನೇಯುವಂಥ ಹೊಸ ವಿಧಾನ ತಂದರು. ಅದರ ಹೆಸರು ಟಿಸಿಜಿ. 2009ರ ಮಾರ್ಚಿನಲ್ಲಿ ಬಂದ 0.10 ಆವೃತ್ತಿಯಿಂದ ಅದೇ ನಡೆಯಿತು. ಕೌದಿಯೇ ಇಲ್ಲವೆಂದ ಮೇಲೆ ಅಂಚಿನ ತಪಾಸಣೆ ಏಕೆ? ತಪಾಸಣೆಯೇ ಇಲ್ಲವೆಂದ ಮೇಲೆ ಅದನ್ನು ಬೇಡವೆನ್ನುವ ಆಯ್ಕೆ ಏಕೆ? ಎರಡೂ ಹೋದವು. ಒಂದು ಕಾಲದಲ್ಲಿ ಮೂರನೆಯ ಜಿಸಿಸಿಯೇ ಆಗಬೇಕೆಂದು ಹಟ ಹಿಡಿದಿದ್ದ ತಂತ್ರಾಂಶವನ್ನು ಇಂದು ಆ ಜಿಸಿಸಿಯಲ್ಲಿ ಕಟ್ಟಲು ಸಾಧ್ಯವೇ ಇಲ್ಲ.

'ಇದ್ದರೆ ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೆ?' ಎಂದು ನೀವು ಕೇಳಬಹುದು. ಕೇಳುತ್ತದೆ! ಒಂದು ಆಯ್ಕೆ ಇದ್ದರೆ ತಂತ್ರಾಂಶವನ್ನು ಎರಡು ರೀತಿ ಕಟ್ಟಬಹುದು. ಎರಡಿದ್ದರೆ ನಾಲ್ಕು ರೀತಿ. ಹತ್ತಿದ್ದರೆ 1,024. ಇಪ್ಪತ್ತಾದರೆ 10,48,576. ಇವುಗಳಲ್ಲಿ ಎಷ್ಟನ್ನು ಯಾರು ಕಟ್ಟಿ, ಓಡಿಸಿ, ಸರಿಯಿದೆಯೆಂದು ನೋಡಿಯಾರು? ನೋಡುವುದಿಲ್ಲ. ನಾಲ್ಕಾರು ರೀತಿಗಳನ್ನು ಮಾತ್ರ ನೋಡುತ್ತಾರೆ. ಉಳಿದವು ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯ ಹಾಗೆ. ಮುಚ್ಚಳ ತೆಗೆಯುವವರೆಗೂ ಚೆನ್ನಾಗಿಯೇ ಇದೆ ಎಂದು ಎಲ್ಲರ ನಂಬಿಕೆ. ಅಷ್ಟರಲ್ಲಿ ಸುತ್ತಲಿನ ಸಾಲುಗಳು ಬದಲಾಗುತ್ತವೆ. ಬಳಸದ ಸಾಲುಗಳು ಬದಲಾಗುವುದಿಲ್ಲ. ಬದಲಾಗದೆ ಇರುವುದೇ ಅವು ಕೆಡುವ ರೀತಿ.

ನಮ್ಮ ಪಟ್ಟಿಯಲ್ಲಿ 31 ಆಯ್ಕೆಗಳಿದ್ದವು. ಅದರಲ್ಲೊಂದು 256 ಬಣ್ಣದ ಪರದೆಯದು. 1990ರ ದಶಕದಲ್ಲಿ ಬಹುಪಾಲು ಕಂಪ್ಯೂಟರುಗಳ ಪರದೆ ಒಂದು ಸಲಕ್ಕೆ 256 ಬಣ್ಣಗಳನ್ನಷ್ಟೇ ತೋರಿಸುವಂತೆ ಇರುತ್ತಿತ್ತು. ಆ ಪರದೆಗೆ ಚಿತ್ರ ಬರೆಯುವ ಕ್ರಮವೇ ಬೇರೆ. ಮೊದಲು ಬಣ್ಣದ ತಟ್ಟೆ ಸಿದ್ಧಮಾಡಿ, ಆಮೇಲೆ ಇಷ್ಟನೆಯ ಬಣ್ಣ, ಅಷ್ಟನೆಯ ಬಣ್ಣ ಎಂದು ಸಂಖ್ಯೆ ಹೇಳಬೇಕು. ಈಗಿನ ಪರದೆ 1,67,77,216 ಬಣ್ಣ ತೋರಿಸಬಲ್ಲದು. ಸಂಖ್ಯೆಯ ಗೊಡವೆಯಿಲ್ಲ, ಬಣ್ಣವನ್ನೇ ನೇರವಾಗಿ ಹೇಳಿದರಾಯಿತು. ನಮ್ಮ ಎಮ್ಯುಲೇಟರನ್ನು ಆರಂಭಿಸಿದವರ ಹತ್ತಿರ ಹಳೆಯ ಪರದೆಯೇ ಇದ್ದಿರಬೇಕು. ಹೊಸ ಪರದೆ ಬಂದಾಗ ಹಳೆಯದರ ಕ್ರಮವನ್ನು ಆಯ್ಕೆಯಾಗಿ ಉಳಿಸಿಕೊಂಡರು. ನ್ಯಾಯವೇ. ಆದರೆ ಅದನ್ನು ಹಾಕಿ ಕಟ್ಟಿನೋಡಿದರೆ ಕಟ್ಟುವುದೇ ಇಲ್ಲ, ಅರ್ಧದಲ್ಲಿ ನಿಂತುಬಿಡುತ್ತದೆ! ದಾಖಲೆ ತೆಗೆದು ನೋಡಿದೆ. ಆರು ವರ್ಷಗಳ ಹಿಂದಿನ ಒಂದು ಬದಲಾವಣೆಯಿಂದಲೇ ಅದು ಮುರಿದುಬಿದ್ದಿತ್ತು. ಆರು ವರ್ಷ ಒಬ್ಬರೂ ದೂರಲಿಲ್ಲವೆಂದರೆ ಒಬ್ಬರೂ ಬಳಸಿಲ್ಲವೆಂದೇ ಅರ್ಥ.

ಆದರೂ ಕೈ ಹಾಕಿ ಕಿತ್ತುಬಿಡುವಂತಿಲ್ಲ. ಈ ವಿಷಯದಲ್ಲಿ ಕ್ಯೂಎಮುವಿನವರದು ಒಳ್ಳೆಯ ಪದ್ಧತಿ. ತೆಗೆಯಬೇಕೆಂದುಕೊಂಡದ್ದನ್ನು ಮೊದಲು 'ಇದು ಹೊರಡುತ್ತದೆ' ಎಂದು ಸಾರುತ್ತಾರೆ. ಸಾರಿದ ಆವೃತ್ತಿಯಲ್ಲಿ ಮತ್ತು ಅದರ ಮುಂದಿನದರಲ್ಲಿ ಅದು ಎಂದಿನಂತೆ ನಡೆಯುತ್ತದೆ. ಆಮೇಲಷ್ಟೇ ತೆಗೆಯಬಹುದು. ವರ್ಷಕ್ಕೆ ಸುಮಾರು ಮೂರು ಆವೃತ್ತಿ ಬರುವುದರಿಂದ ಎಂಟು ತಿಂಗಳ ಕಾಲಾವಕಾಶ ಸಿಕ್ಕಂತಾಯಿತು. 2018ರ ಡಿಸೆಂಬರಿನ 3.1 ಆವೃತ್ತಿಯಲ್ಲಿ, ಬ್ಲೂಟೂತ್ ವಿಭಾಗವನ್ನು ಯಾರೂ ನೋಡಿಕೊಳ್ಳುತ್ತಿಲ್ಲ, ಬಳಸುವವರು ಇದ್ದರೆ ಬಾಯಿ ಬಿಡಿ, ಇಲ್ಲದಿದ್ದರೆ ತೆಗೆಯುತ್ತೇವೆ ಎಂದು ಸಾರಿದರು. 2020ರ ಏಪ್ರಿಲ್‌ನ 5.0 ಆವೃತ್ತಿಯಲ್ಲಿ ಅದು ಇರಲಿಲ್ಲ. ಅದರ ಜೊತೆಗೆ, ಕಟ್ಟುವ ಪಟ್ಟಿಯಲ್ಲಿದ್ದ ಅದರ ಆಯ್ಕೆಯೂ ಹೋಯಿತು.

ನಮ್ಮದು ಚಿಕ್ಕ ಬಳಗವಾದರೂ ಅದೇ ಮೇಲ್ಪಂಕ್ತಿ ಹಿಡಿದೆವು. ಒಂದು ವರ್ಷ ಕಾದೆವು. ಬಂದದ್ದು ಒಂದೇ ಪತ್ರ. ಯಾವುದೋ ತಣ್ಣನೆಯ ದೇಶದ ಹಿರಿಯರು. ತಮ್ಮ ಬಳಿ ಅಂಥ ಪರದೆಯೊಂದು ಇನ್ನೂ ಇದೆ, ಆದರೆ ಅದಕ್ಕೆ ನಿಮ್ಮ ಹಳೆಯ ಆವೃತ್ತಿಯೇ ಸಾಕು, ಧಾರಾಳವಾಗಿ ತೆಗೆಯಿರಿ, ಕೇಳಿದಿರಲ್ಲ ಅದಕ್ಕೆ ಸಂತೋಷ ಎಂದು ಬರೆದಿದ್ದರು. ಕೇಳಿದಿರಲ್ಲ! ಆ ಒಂದು ಮಾತನ್ನು ಎರಡು ಸಲ ಓದಿದೆ.

ಕಾಯುತ್ತಿದ್ದ ಆ ವರ್ಷವೇ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನಮ್ಮದು ಹಳೆಯ ಮನೆ. ಹಿತ್ತಿಲಿಗೆ ಅಂಟಿಕೊಂಡು ಒಂದು ಕೋಣೆ. ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ, ಮೂಲೆಯಲ್ಲಿ ಸುತ್ತಿಟ್ಟ ಒಂದು ಚಾಪೆ. ಯಾವುದಕ್ಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರುವವರ ಸರಂಜಾಮು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೇ ಆ ಪದ್ಧತಿ ನಿಂತಿತ್ತು. ನಿಲ್ಲಿಸಿದವರು ಅತ್ತೆಯವರೇ. ಆದರೆ ಸಾಮಾನು ಅಲ್ಲೇ ಉಳಿದಿತ್ತು. ದೀಪಾವಳಿಗೆ ಕೋಣೆ ತೊಳೆದಾಗ ಅವನ್ನೂ ತೊಳೆದು ಅಲ್ಲೇ ಇಡುತ್ತಿದ್ದೆವು. 'ಈಗ ಯಾರು ಪಾಲಿಸ್ತಾರೆ, ಇದ್ದರೆ ಇರಲಿ ಬಿಡು' ಎಂಬುದು ಅತ್ತೆಯವರ ಮಾತು.

ಬೇಸಿಗೆ ರಜೆಗೆ ನಾದಿನಿಯ ಮಗಳು ಬಂದಿದ್ದಳು. ಹದಿಮೂರು ವರ್ಷ. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳುವ ಹುಡುಗಿ. ಗೂಡಿನ ಲೋಟ ನೋಡಿ, 'ಇದು ಯಾರದು?' ಎಂದಳು. ಹಜಾರದಲ್ಲಿ ಕೂತಿದ್ದ ಹೆಂಗಸರು ನಾಲ್ಕು ಮಂದಿ. ಒಬ್ಬರೂ ಉತ್ತರ ಕೊಡಲಿಲ್ಲ. ಆಗ, ಊರಿನಿಂದ ಬಂದಿದ್ದ ಹಿರಿಯ ಬಂಧುವೊಬ್ಬರು ನಗುತ್ತಲೇ, 'ಇನ್ನು ಮೇಲೆ ನಿನ್ನದೇ ಕಣೇ, ದೊಡ್ಡವಳಾದೆಯಲ್ಲ' ಎಂದರು. ತಮಾಷೆಯೋ ನಿಜವೋ ತಿಳಿಯದೆ ಹುಡುಗಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಆ ಮಧ್ಯಾಹ್ನವೆಲ್ಲ ಅಡುಗೆಮನೆಯ ಹೊಸ್ತಿಲ ಬಳಿ ಬಂದು ನಿಲ್ಲುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ನೀರು ಬೇಕಾದರೂ ಕೇಳಿ ಪಡೆಯುತ್ತಿದ್ದಳು. ಯಾರೂ ಅವಳಿಗೆ ಬರಬೇಡವೆಂದಿರಲಿಲ್ಲ. ಲೋಟ ಹೇಳಿತ್ತು.

ಬಳಸದೆ ಬಿಟ್ಟ ಆಯ್ಕೆ ನಿರುಪದ್ರವಿ ಎಂದುಕೊಳ್ಳುವವರು ಆ ಹುಡುಗಿಯ ನಿಲುವನ್ನು ನೋಡಬೇಕಿತ್ತು. ಪಟ್ಟಿಯಲ್ಲಿ ಒಂದು ಸಾಲು ಇದೆಯೆಂದರೆ, ಹೊಸದಾಗಿ ಬಂದು ಓದುವವರು ಅದರ ಮುಂದೆ ನಿಲ್ಲಲೇಬೇಕು. ಇದು ನನಗೋ, ನಾನು ಇದನ್ನು ಮಾಡಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸಬೇಕು. ಹಳಬರಿಗೆ ಅದು ಸತ್ತ ಸಾಲೆಂದು ಗೊತ್ತು. ಹೊಸಬರಿಗೆ ಎಲ್ಲ ಸಾಲೂ ಜೀವಂತವೇ. ಮತ್ತೆ, ಇರುವ ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು, ನಗುನಗುತ್ತಲೇ ಒತ್ತಬಹುದು.

ಸಂಜೆ ಅತ್ತೆಯವರು ಎದ್ದು ಹಿತ್ತಿಲ ಕೋಣೆಗೆ ಹೋದರು. ಆಗಲೇ ಅವರಿಗೆ ಎಂಬತ್ತು ದಾಟಿತ್ತು, ಗೋಡೆ ಹಿಡಿದೇ ನಡೆಯುತ್ತಿದ್ದರು. ತಟ್ಟೆ, ಲೋಟ, ಚಾಪೆ ಮೂರನ್ನೂ ತಾವೇ ತಂದು ಬೀದಿ ಬಾಗಿಲ ಬಳಿ ಹಳೆ ಸಾಮಾನಿನವನಿಗೆಂದು ಇಟ್ಟರು. ನಾನು ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದು, ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕು ಎಂದರು. ಒಂದು ವರ್ಷದ ಗಡುವಿಲ್ಲ, ಯಾರಿಗಾದರೂ ಬೇಕೇ ಎಂಬ ಪ್ರಶ್ನೆಯಿಲ್ಲ. ಊರಿನ ಬಂಧು ಏನೋ ಹೇಳಹೊರಟು ಸುಮ್ಮನಾದರು. ಬಳಸುವವರಿಗೆ ತೊಂದರೆಯಾದೀತೆಂದು ಕಾಯುವ ಆಯ್ಕೆಗಳು ಬೇರೆ, ಇರುವುದರಿಂದಲೇ ಒಬ್ಬಳು ಹೊಸ್ತಿಲಾಚೆ ನಿಲ್ಲುವಂಥವು ಬೇರೆ. ಅತ್ತೆಯವರಿಗೆ ಆ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಹಾಗಾದರೆ ಹಳೆಯದೆಲ್ಲ ಕಸವೆ ಎಂದು ನೀವು ಕೇಳಿದರೆ, ನಾನು ಮಾಡುವ ಕೆಲಸವೇ ಉತ್ತರ. ನಲವತ್ತು ವರ್ಷದ ಹಿಂದಿನ ಯಂತ್ರವೊಂದು ಇವತ್ತಿನ ಮಕ್ಕಳ ಮುಂದೆಯೂ ಓಡಲೆಂದು ರಾತ್ರಿ ನಿದ್ದೆಗೆಡುವವರು ನಾವು. ಅದರ 8 ಬಣ್ಣದಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ. ಅದರ ದೋಷಗಳನ್ನೂ ತಿದ್ದುವುದಿಲ್ಲ, ದೋಷಸಮೇತ ಅನುಕರಿಸುತ್ತೇವೆ. ಆದರೆ ವೇಷದ ಕಿರೀಟ ಹಳೆಯದಿರಬಹುದು, ಹಾಕಿಕೊಳ್ಳುವವನ ಬೆನ್ನು ಗಟ್ಟಿಯಿರಬೇಕಲ್ಲ? ಎಮ್ಯುಲೇಟರ್ ಇವತ್ತಿನ ಯಂತ್ರದ ಮೇಲೆ ನಿಂತಿರುತ್ತದೆ. ತನ್ನ ಮೈಮೇಲಿನ ಹಳೆಯ ಭಾರವನ್ನು ಇಳಿಸದಿದ್ದರೆ, ಹೊತ್ತು ಕುಣಿಯಬೇಕಾದ ಹಳೆಯದನ್ನೂ ಬೀಳಿಸುತ್ತದೆ. ಯಾವುದು ಕಿರೀಟ, ಯಾವುದು ಭಾರ ಎಂದು ಗುರುತಿಸುವುದೇ ಇಲ್ಲಿನ ಕೆಲಸ.

ತೆಗೆದದ್ದು ಮರೆತುಹೋಗುವುದೂ ಇಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಎಂಬ ತಂತ್ರಾಂಶದಲ್ಲಿ ನಮ್ಮ ಸಾಲುಗಳ ಚರಿತ್ರೆಯೆಲ್ಲ ಇರುತ್ತದೆ. ಯಾವ ದಿನ, ಯಾರು, ಏಕೆ ಸೇರಿಸಿದರು. ಯಾವ ದಿನ, ಯಾರು, ಏಕೆ ತೆಗೆದರು. ಬೇಕೆಂದವರು ಹಳೆಯ ದಿನಕ್ಕೆ ಹೋಗಿ ನೋಡಿಬರಬಹುದು. ತೆಗೆಯುವಾಗ ಕಾರಣ ಬರೆಯುವುದು ಕಡ್ಡಾಯ. ನಾನೂ ಬರೆದೆ: ಇದು ಯಾವ ಪರದೆಗಾಗಿ ಬಂತು, ಆಗ ಏಕೆ ಬೇಕಿತ್ತು, ಯಾವಾಗ ಮುರಿಯಿತು, ಯಾರನ್ನು ಕೇಳಿದೆವು. ಹೋಗುತ್ತಿರುವ ಸಾಲುಗಳು ತಮ್ಮ ಕಾಲದಲ್ಲಿ ಯಾರಿಗೋ ಬಣ್ಣ ತೋರಿಸಿದ್ದವು. ಎರಡು ವಾಕ್ಯದ ಮರ್ಯಾದೆ ಅವಕ್ಕೆ ಸಲ್ಲಬೇಕೆಂದು ನನಗೆ ಅನ್ನಿಸಿತ್ತು.

ಗಡುವು ಮುಗಿದ ವಾರ ಕೆಲಸಕ್ಕೆ ಕೂತೆ. ಒಂದು ಆಯ್ಕೆಯನ್ನು ಎಳೆದರೆ ಬೇರು ಎಲ್ಲೆಲ್ಲಿಗೋ ಹೋಗಿರುತ್ತದೆ. ಪಟ್ಟಿಯಲ್ಲಿ ಒಂದು ಸಾಲು, ಚಿತ್ರ ಬರೆಯುವ ಭಾಗದಲ್ಲಿ ಒಂಬತ್ತು ಕಡೆ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂಬ ಕವಲು, ಕೈಪಿಡಿಯಲ್ಲಿ ಒಂದು ಪುಟ. ಎಲ್ಲ ಕಿತ್ತು, ಕಟ್ಟಿ, ಹಳೆಯ ಆಟಗಳನ್ನೆಲ್ಲ ಒಂದೊಂದಾಗಿ ಓಡಿಸಿ ನೋಡುವುದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಕೊನೆಗೆ ಲೆಕ್ಕ: ಸೇರಿಸಿದ್ದು 3 ಸಾಲು, ತೆಗೆದದ್ದು 214. ಬಳಗದ ಇನ್ನೊಬ್ಬರು ಪರಿಶೀಲಿಸಿ ಒಪ್ಪಿಗೆ ಹಾಕಿದರು. ಎಮ್ಯುಲೇಟರ್ ಮೊದಲು ಹೇಗಿತ್ತೋ ಹಾಗೆಯೇ ಓಡಿತು. ವೇಗ ಹೆಚ್ಚಲಿಲ್ಲ, ಬಣ್ಣ ಹೆಚ್ಚಲಿಲ್ಲ, ಬಳಸುವವರಿಗೆ ಏನೂ ತಿಳಿಯಲಿಲ್ಲ.

ಈಗ ಪಟ್ಟಿಯಲ್ಲಿ 30 ಆಯ್ಕೆಗಳಿವೆ. ಹದಿನೇಳನೆಯದರ ಮೇಲೆ ನನಗೆ ಅನುಮಾನ ಹುಟ್ಟಿದೆ. ಯಾರಾದರೂ ಬಳಸುತ್ತಿದ್ದೀರಾ ಎಂದು ಕೇಳಿ ಬರೆದಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.